ಜೋಡಿ ಸೈಕಲ್

"ಅಕ್ಕಾ, ಸಾಕು ಬಿಡು. ಇನ್ನು ಒತ್ತಿದ್ರೆ ಟ್ಯೂಬ್ ಢಂ ಅನ್ನುತ್ತೆ."

ಪಕ್ಕದ ಚಹಾದಂಗಡಿಯವನು ಹೇಳಿದ ಮೇಲೆಯೇ ಅವಳು ಪಂಪಿನಿಂದ ಕೈ ತೆಗೆದದ್ದು. ಬೆಳಗಿನಿಂದ ಅದೇ ಚಕ್ರಕ್ಕೆ ಗಾಳಿ ತುಂಬುತ್ತಿದ್ದಳು. ತುಂಬಿ, ಹೆಬ್ಬೆರಳಿನಿಂದ ಅದುಮಿ ನೋಡಿ, ಸ್ವಲ್ಪ ಬಿಟ್ಟು, ಮತ್ತೆ ತುಂಬುತ್ತಿದ್ದಳು. ಬಾಡಿಗೆ ಸೈಕಲ್ಲುಗಳೆಲ್ಲ ಒರೆಸಿಕೊಂಡು ಸಾಲಾಗಿ ನಿಂತಿದ್ದವು. ಚೈನುಗಳಿಗೆ ಎಣ್ಣೆ ಬಿಟ್ಟಾಗಿತ್ತು. ಮಾಡಲು ಇನ್ನೇನೂ ಉಳಿದಿರಲಿಲ್ಲ, ಕಷ್ಟವಾಗಿದ್ದೇ ಅದು.

ಮೀನುಗಾರಿಕೆ ಬಂದರಿನ ಹಿಂದಿನ ಗೇಟಿನಿಂದ ಹೊರಟು, ದಡದುದ್ದಕ್ಕೂ ಗಾಳಿಮರಗಳ ಎರಡು ಸಾಲಿನ ನಡುವೆ ಸಾಗಿ, ಹಳೆಯ ದೀಪಸ್ತಂಭದ ಗುಡ್ಡದಲ್ಲಿ ಮುಗಿಯುವ ಸೈಕಲ್ ದಾರಿಯ ಬಾಯಲ್ಲೇ ಅವಳ ಅಂಗಡಿ. ರಜೆಗೆ ಬರುವವರು ಇಲ್ಲಿ ಸೈಕಲ್ ಹಿಡಿದು, ಗುಡ್ಡದವರೆಗೆ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡು ವಾಪಸಾಗುತ್ತಿದ್ದರು. ಇವತ್ತು ಒಬ್ಬರೂ ಇರಲಿಲ್ಲ. ಮೊನ್ನೆಯ ಬಿರುಗಾಳಿಗೆ ಹೆದರಿ ಹೊರಗಿನವರು ಯಾರೂ ಈ ಕಡೆ ತಲೆ ಹಾಕಿರಲಿಲ್ಲ.

ಆ ಬಿರುಗಾಳಿಯಲ್ಲಿ ಮರಳಿ ದಡ ಸೇರದೆ ಉಳಿದದ್ದು ಒಂದೇ ದೋಣಿ. ಅದರ ಚುಕ್ಕಾಣಿ ಹಿಡಿದವನು ಎರಡು ವರ್ಷದ ಹಿಂದಿನವರೆಗೆ ಅವಳ ಗಂಡನಾಗಿದ್ದವನು. ವೈರ್‌ಲೆಸ್ಸಿನಲ್ಲಿ ಎಷ್ಟು ಕೂಗಿದರೂ ಉತ್ತರವಿರಲಿಲ್ಲ. ದೋಣಿಯಲ್ಲಿದ್ದವರ ಮನೆಯವರೆಲ್ಲ ಬಂದರಿನ ಕಚೇರಿಯ ಜಗಲಿಯ ಮೇಲೆ ಕೂತಿದ್ದರು. ಅಲ್ಲಿ ಕೂರಬೇಕಾದರೆ ಒಂದು ನಂಟು ಬೇಕು. ಆ ನಂಟನ್ನು ಅವಳು ತಾನಾಗಿಯೇ ಸಹಿ ಹಾಕಿ ಬಿಟ್ಟುಕೊಟ್ಟಿದ್ದಳು. ಹಾಗಾಗಿ ನಿನ್ನೆಯಿಂದ ಅವಳು ಮಾಡುತ್ತಿದ್ದದ್ದು ಎರಡೇ ಕೆಲಸ: ಗಾಳಿ ತುಂಬುವುದು, ಇಲ್ಲವೇ ತನ್ನ ಹಳೆಯ ಸೈಕಲ್ ಹತ್ತಿ ಗುಡ್ಡದವರೆಗೆ ಹೋಗಿ ಬರುವುದು. ಯಾರಾದರೂ ಕೇಳಿದರೆ, ಗಾಳಿಗೆ ದಾರಿಯ ಮೇಲೆ ಕೊಂಬೆ ಬಿದ್ದಿದೆಯೇನೋ ನೋಡಲು ಹೋಗಿದ್ದೆ ಎನ್ನುತ್ತಿದ್ದಳು. ಬಿದ್ದ ಕೊಂಬೆಗಳನ್ನು ಅವಳು ನಿನ್ನೆಯೇ ಎಳೆದು ಬದಿಗೆ ಹಾಕಿಯಾಗಿತ್ತು.

ಪಂಪನ್ನು ಗೋಡೆಗೆ ಒರಗಿಸಿ ತಿರುಗಿದರೆ ಎದುರಿಗೆ ಅವನ ತಾಯಿ ನಿಂತಿದ್ದಳು.

ಮೀನುಕಟ್ಟೆಯಲ್ಲಿ ಕೂತು ಕೂತೇ ಮುದುಕಿಯಾದ ಹೆಂಗಸು. ಅವಳ ಬಾಯಿಗೆ ಹೆದರಿ ಐಸ್ ಲಾರಿಯವರೂ ಹಾರ್ನ್ ಹಾಕದೆ ಕಾಯುತ್ತಿದ್ದರು. ಎರಡು ವರ್ಷದಿಂದ ಈ ಇಬ್ಬರು ಬೀದಿಯಲ್ಲಿ ಎದುರಾದರೆ ಯಾರಾದರೊಬ್ಬರು ರಸ್ತೆ ದಾಟುವುದು ರೂಢಿಯಾಗಿತ್ತು. ಈಗ ಮುದುಕಿ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು.

"ಇವಳೇ, ಗುಡ್ಡದ ತುದಿಗೆ ಹೋಗ್ಬೇಕು ನಾನು. ಬಂದರಲ್ಲಿ ಕೂತ್ರೆ ಆ ಕಲ್ಲುಗೋಡೆ ಬಿಟ್ಟು ಏನೂ ಕಾಣಲ್ಲ. ಅಲ್ಲಿಂದ ಹೊರಗಿನ ಸಮುದ್ರ ಪೂರ್ತಿ ಕಾಣುತ್ತಂತಲ್ಲ."

"ಅಷ್ಟು ದೂರ ನಡೆಯೋಕೆ ಆಗಲ್ಲ ಅತ್ತೆ." ಅತ್ತೆ ಎಂಬ ಮಾತು ಬಾಯಿಂದ ಜಾರಿದ ಮೇಲೆ ಅವಳಿಗೆ ಗೊತ್ತಾಯಿತು.

"ನಡೆಯೋ ಕಾಲಿದ್ದಿದ್ರೆ ನಿನ್ನ ಬಾಗಿಲಿಗೆ ಯಾಕೆ ಬರ್ತಿದ್ದೆ? ಈ ದಾರೀಲಿ ಆಟೋನೂ ಬಿಡಲ್ವಂತೆ. ಯಾವುದಾದ್ರೂ ಒಂದು ಸೈಕಲ್ ತೆಗಿ. ಹಿಂದೆ ಕೂತ್ಕೋತೀನಿ."

ಹಿಂದೆ ಕೂರಿಸಿಕೊಳ್ಳಲು ಬಾಡಿಗೆ ಸೈಕಲ್ಲುಗಳಿಗೆ ಕ್ಯಾರಿಯರ್ ಇರಲಿಲ್ಲ. ಇದ್ದದ್ದು ಒಂದು ಜೋಡಿ ಸೈಕಲ್. ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲ್. ಹೊಸದಾಗಿ ಮದುವೆಯಾದವರು ಕೇಳಿ ಕೇಳಿ ಒಯ್ಯುತ್ತಿದ್ದರೆಂದು ಅವಳೇ ಅದರ ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಗುಲಾಬಿ ಸುತ್ತಿ, ಹಿಂದೆ ಹೃದಯದಾಕಾರದ ಕೆಂಪು ತಗಡು ಕಟ್ಟಿ, ಅದರ ಮೇಲೆ 'ನಾವಿಬ್ಬರೇ' ಎಂದು ಬರೆಸಿದ್ದಳು.

ಮುದುಕಿ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಇದರ ಮೇಲಾ? ಥೂ. ನೋಡ್ದೋರು ನಗ್ತಾರೆ."

"ನೋಡೋರೇ ಇಲ್ಲ ಇವತ್ತು. ಹತ್ತಿ."

ಚಹಾದಂಗಡಿಯವನು ಓಡಿ ಬಂದು ಹಿಂದಿನ ಸೀಟನ್ನು ತಗ್ಗಿಸಿಕೊಟ್ಟ. ಅವಳು ಎರಡೂ ಕಾಲು ಅಗಲಿಸಿ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಂತಳು. ಮುದುಕಿ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದೇವರನ್ನೂ ಅಂಗಡಿಯವನನ್ನೂ ಒಟ್ಟಿಗೆ ಬೈಯುತ್ತಾ ಮೇಲೇರಿದಳು. ಸೈಕಲ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಾಡಿ, ದಾರಿಯ ನಡುವಿಗೆ ಬಂತು.

"ಅಯ್ಯೋ, ನನ್ನ ಕಾಲನ್ನ ಎಳೀತಾ ಇದೆ ಇದು!"

"ಅದು ಹಾಗೇ ಅತ್ತೆ. ಆ ಪೆಡಲ್ಲಿಗೂ ಈ ಪೆಡಲ್ಲಿಗೂ ಚೈನು ಕಟ್ಟಿದೆ. ನಾನು ತುಳಿದ್ರೆ ನಿಮ್ಮ ಕಾಲೂ ತಿರುಗುತ್ತೆ."

"ನನ್ನ ಕಾಲು ತಿರುಗಿಸೋಕೆ ನೀನ್ಯಾರೇ?"

ಅವಳಿಗೆ ನಗು ಬಂತು. ಇಂಥ ಹೊತ್ತಿನಲ್ಲಿ ನಗು ಬಂದದ್ದಕ್ಕೆ ಮೈಯೆಲ್ಲ ಬಿಸಿಯಾಯಿತು. ಐಸ್ ಕಾರ್ಖಾನೆಯ ಹಿಂಗೋಡೆ ದಾಟಿ, ಒಣಹಾಕಿದ ಬಲೆಗಳ ನಾತ ದಾಟಿ, ಮರಗಳ ಸಾಲಿನೊಳಗೆ ಹೊಕ್ಕರು. ಗಾಳಿಮರದ ಎಲೆಗಳು ಸೂಜಿಯಂತೆ ಉದುರಿ ದಾರಿಯನ್ನು ಕಂದು ಮಾಡಿದ್ದವು. ಬಲಕ್ಕೆ, ಕಾಂಡ ಕಾಂಡಗಳ ನಡುವೆ, ಇನ್ನೂ ರಾಡಿಯಾಗಿಯೇ ಇದ್ದ ಸಮುದ್ರ ಕಂಡು ಮರೆಯಾಗಿ ಮತ್ತೆ ಕಾಣುತ್ತಿತ್ತು.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋಳು ನೀನು" ಎಂದಳು ಮುದುಕಿ ಹಿಂದಿನಿಂದ. ಬೈಗುಳವೋ ಅಲ್ಲವೋ ತಿಳಿಯಲಿಲ್ಲ. "ಅವನೂ ಹಾಗೇ. ನೆಲದ ಮೇಲೆ ಎರಡು ದಿನ ಕೂತ್ರೆ ಮುಳ್ಳಿನ ಮೇಲೆ ಕೂತ ಹಾಗೆ ಆಡ್ತಿದ್ದ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು. ಅದು ನಿಮ್ಮ ಸಂಸಾರ."

ಸಂಸಾರ ಮುರಿದದ್ದು ಒಂದು ಸೈಕಲ್ಲಿನಿಂದ ಎಂದು ಊರಿನಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ಸಮುದ್ರದಿಂದ ಬಂದಾಗ ಮನೆಯ ಬಾಗಿಲು ತೆರೆದಿರಬೇಕು, ಒಳಗೆ ಹೆಂಡತಿ ಇರಬೇಕು, ಅಷ್ಟೇ ಅವನು ಕೇಳುತ್ತಿದ್ದದ್ದು. ಅವನು ಬರುವ ಹೊತ್ತಿಗೆ ಅವಳು ಅಂಗಡಿಯಲ್ಲಿರುತ್ತಿದ್ದಳು. ಒಂದು ಸಂಜೆ ಬೀಗ ಹಾಕಿದ ಬಾಗಿಲು ನೋಡಿ ನೇರವಾಗಿ ಅಂಗಡಿಗೆ ಬಂದವನು, ಮಾತೇ ಆಡದೆ ಅವಳ ಸ್ವಂತ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹೋಗಿ, ಇಡೀ ಬಂದರು ನೋಡುತ್ತಿರುವಾಗ ದೋಣಿ ನಿಲ್ಲುವ ಧಕ್ಕೆಯ ಮೇಲಿಂದ ನೀರಿಗೆ ಎಸೆದ. ಮಾರನೆಯ ಬೆಳಿಗ್ಗೆ ತಾನೇ ಮುಳುಗಿ, ಹಗ್ಗ ಕಟ್ಟಿ, ಮೇಲೆತ್ತಿ ತಂದು ಮನೆಯ ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಅವಳು ಬಟ್ಟೆಯ ಚೀಲ ಹಿಡಿದು ಹೊರಟಾಗಿತ್ತು. ಚೀಲದ ಜೊತೆ ಆ ಸೈಕಲ್ಲನ್ನೂ ತಳ್ಳಿಕೊಂಡು ಹೋದಳು. ಉಪ್ಪುನೀರು ಕುಡಿದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಸರಿಮಾಡಲು ಒಂದು ತಿಂಗಳು ಹಿಡಿದಿತ್ತು. ನಿನ್ನೆಯಿಂದ ಅವಳು ಅವನನ್ನು ಹುಡುಕಿಕೊಂಡು ತುಳಿಯುತ್ತಿದ್ದದ್ದು ಅದೇ ಸೈಕಲ್ಲನ್ನು.

ಗುಡ್ಡದ ಏರಿನಲ್ಲಿ ಇಳಿದು ತಳ್ಳಬೇಕಾಯಿತು. ಮುದುಕಿ ಹಿಂದಿನ ಸೀಟನ್ನು ಊರುಗೋಲಿನಂತೆ ಹಿಡಿದು ಹೆಜ್ಜೆ ಹಾಕಿದಳು. ದೀಪಸ್ತಂಭದ ಬುಡದ ಕಟ್ಟೆಗೆ ಬಂದಾಗ ಗಾಳಿ ಕಿವಿಗೆ ಅಪ್ಪಳಿಸಿತು.

"ನನ್ನ ಕಣ್ಣು ಮಂಜು. ನೀನು ನೋಡಿ ಹೇಳು."

ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ದೂರದಲ್ಲಿ ಒಂದು ಸರಕಿನ ಹಡಗು ಇತ್ತು. ಅದರ ಈಚೆಗೆ ನೀರು, ಬರೀ ನೀರು.

"ಏನೂ ಇಲ್ಲ ಅತ್ತೆ."

"ಸರಿಯಾಗಿ ನೋಡು."

"ನೋಡ್ದೆ. ಇಲ್ಲ."

ಮುದುಕಿ ಕಟ್ಟೆಯ ಮೇಲೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ. ಮೀನುಕಟ್ಟೆಯಲ್ಲಿ ಯಾರೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದಳು:

"ಒಂದು ಮಾತು ಹೇಳು. ಅವನು ವಾಪಸ್ ಬಂದ್ರೆ ನೀನೂ ವಾಪಸ್ ಬರ್ತೀನಿ ಅಂತ. ಇಲ್ಲೇ, ಈ ಸಮುದ್ರದ ಎದುರಿಗೆ ಹೇಳು. ನಾನೇನೇನೋ ಹರಕೆ ಹೊತ್ತಾಯ್ತು. ನನ್ನ ಹತ್ರ ಕೊಡೋಕೆ ಇನ್ನೇನೂ ಉಳಿದಿಲ್ಲ. ಉಳಿದಿರೋದು ನೀನೊಬ್ಬಳೇ."

ಹೇಳುವುದೇನೂ ಕಷ್ಟವಲ್ಲ, ಒಂದೇ ಮಾತು. ಹೇಳಿದರೆ ಈ ಮುದುಕಿ ಇನ್ನೊಂದು ರಾತ್ರಿ ದೂಡಿಯಾಳು. ಅವನು ಬಾರದೇ ಹೋದರೆ ಮಾತು ಗಾಳಿಗೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಬಂದರೆ? ಬೀಗ ಹಾಕದ ಬಾಗಿಲ ಹಿಂದೆ ಕೂತು ದೋಣಿಯ ಸದ್ದಿಗೆ ಕಿವಿಕೊಡುವ ಸಂಜೆಗಳು ಒಂದರ ಹಿಂದೊಂದು ಕಣ್ಣೆದುರು ಬಂದವು. ಹೇಳದೆ ಇದ್ದು ಅವನು ಬಾರದೆ ಹೋದರೆ ಆ ಪಾಪ ಯಾರ ತಲೆಗೆ ಎಂಬುದೂ ಅವಳಿಗೆ ಗೊತ್ತಿತ್ತು. ಮುದುಕಿ ಆಡಿ ತೋರಿಸುವುದೂ ಬೇಡ, ತನ್ನ ಮನಸ್ಸೇ ಸಾಯುವವರೆಗೆ ಆಡಿ ತೋರಿಸುತ್ತದೆ.

"ಅವರು ಬರ್ಲಿ ಅತ್ತೆ" ಎಂದಳು. "ಬಂದೇ ಬರ್ಲಿ. ಅನ್ನ ಸೇರ್ತಿಲ್ಲ ನಂಗೆ ನಿನ್ನೆಯಿಂದ. ಆದ್ರೆ ಆ ಮಾತು ನಾನು ಹೇಳಲ್ಲ."

"ಸುಳ್ಳಿಗಾದ್ರೂ ಹೇಳೇ!"

"ಸುಳ್ಳಿಗೂ ಹೇಳಲ್ಲ."

ಮುದುಕಿ ಎದ್ದಳು. ಅವಳ ಕಡೆ ತಿರುಗಿಯೂ ನೋಡದೆ ಇಳಿಜಾರಿನಲ್ಲಿ ನಡೆಯತೊಡಗಿದಳು. "ಕಲ್ಲು" ಎನ್ನುತ್ತಿದ್ದಳು, "ಹೆಣ್ಣಲ್ಲ ಇದು, ಕಲ್ಲು." ಅವಳು ಜೋಡಿ ಸೈಕಲ್ಲನ್ನು ತಳ್ಳಿಕೊಂಡು ಹಿಂದೆಯೇ ಬಂದಳು. ನೆಲ ಸಮವಾದ ಮೇಲೆ "ಹತ್ತಿ ಅತ್ತೆ" ಎಂದಳು. ಮುದುಕಿ ಹತ್ತಲಿಲ್ಲ. ಒಂದು ಮರ, ಇನ್ನೊಂದು ಮರ, ಪ್ರತಿ ಮರಕ್ಕೂ ಕೈ ಕೊಟ್ಟು ನಿಂತು, ಮತ್ತೆ ಮಂಡಿ ಎಳೆದುಕೊಂಡು ಸಾಗಿದಳು. ಇಬ್ಬರ ನಡುವೆ ಖಾಲಿ ಸೈಕಲ್ ಕಟಕಟ ಎನ್ನುತ್ತಾ ಬಂತು.

ಅರ್ಧ ದಾರಿಯಲ್ಲಿ ಅವಳ ಫೋನು ಬಡಿದುಕೊಂಡಿತು. ಚಹಾದಂಗಡಿಯವನು ಫೋನಿನಲ್ಲಿ ಕಿರುಚುತ್ತಿದ್ದ. ಸುತ್ತಲೂ ಗದ್ದಲ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಎರಡು ಸಲ ಕೇಳಿಸಿಕೊಂಡಳು.

"ಸಿಕ್ಕಿದ್ದಾರಂತೆ" ಎಂದಳು. "ಎಂಜಿನ್ ಕೆಟ್ಟು ಬಂದರಿನ ಆಚೆ ಉತ್ತರಕ್ಕೆ ಕೊಚ್ಕೊಂಡು ಹೋಗಿದ್ರಂತೆ. ಬೇರೆ ಊರಿನ ದೋಣಿ ಹಗ್ಗ ಕಟ್ಟಿ ಎಳ್ಕೊಂಡು ಬರ್ತಾ ಇದೆ. ಆಗಲೇ ಬಂದರಿನ ಬಾಯಿಗೆ ಬಂದಿದೆ."

"ಯಾರು ಯಾರು ಇದ್ದಾರೆ?"

"ಎಲ್ಲಾ ಇದ್ದಾರೆ ಅತ್ತೆ. ಎಲ್ಲಾರೂ."

ಮುದುಕಿ ಮರವನ್ನು ತಬ್ಬಿ ಹಿಡಿದಳು. ಮರುಕ್ಷಣ ಮೂಗು ಒರೆಸಿಕೊಂಡು, ಯಾರ ಸಹಾಯವೂ ಇಲ್ಲದೆ ಹಿಂದಿನ ಸೀಟಿಗೆ ಕಾಲು ಹಾಕಿದ್ದಳು. "ಏನ್ ನೋಡ್ತೀಯೇ, ತುಳಿ!"

ಇಬ್ಬರೂ ತುಳಿದರು. ಹಿಂದಿನಿಂದ ಬರುತ್ತಿದ್ದ ಬಲಕ್ಕೆ ಅವಳು ಬೆರಗಾದಳು. ಗುಲಾಬಿಗಳು ಗಾಳಿಗೆ ಪಟಪಟ ಹೊಡೆದುಕೊಂಡವು. ಅವಳು ಅಳುತ್ತಿದ್ದಳು. ಹಿಂದೆ ಕೂತವರಿಗೆ ಮುಖ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಒರೆಸಿಕೊಳ್ಳದೆಯೇ ಅಳುತ್ತಿದ್ದಳು.

ಧಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದುಕಿ ಜನರನ್ನು ಮೊಣಕೈಯಿಂದ ಸೀಳಿಕೊಂಡು ಹೋದಳು. ಅವಳು ಸೈಕಲ್ ಹಿಡಿದು ಗೇಟಿನ ಕಂಬಿಯ ಹೊರಗೇ ನಿಂತಳು. ದೋಣಿಯಿಂದ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸುತ್ತಿದ್ದರು. ಅವನು ಕೊನೆಯಲ್ಲಿ ಇಳಿದ. ತುಟಿ ಒಡೆದಿತ್ತು, ಗಡ್ಡದಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ತಾಯಿ ಅವನ ಎದೆಗೆ, ಭುಜಕ್ಕೆ ಎರಡೂ ಕೈಯಿಂದ ಬಾರಿಸಿ, ಆಮೇಲೆ ಅಪ್ಪಿಕೊಂಡಳು.

ಹೊರಬರುವಾಗ ಅವನು ಕಂಬಿಯ ಹತ್ತಿರ ನಿಂತ. ಅವಳನ್ನು ನೋಡಿದ, ಸೈಕಲ್ಲನ್ನು ನೋಡಿದ.

"ಇದೇನು, ಹೂವೆಲ್ಲ ಕಟ್ಟಿದೀಯ?" ದನಿ ಗೊರಗೊರ ಎನ್ನುತ್ತಿತ್ತು.

"ಬಾಡಿಗೆಗೆ ಕೊಡೋದು. ಅತ್ತೆನ ಗುಡ್ಡಕ್ಕೆ ಕರ್ಕೊಂಡು ಹೋಗಿದ್ದೆ."

"ಅಮ್ಮ ಸೈಕಲ್ ತುಳಿದ್ಲಾ?" ನಗಲು ಹೋದ, ತುಟಿ ಚುರ್ರೆಂದು ಮುಖ ಕಿವುಚಿದ. ಇನ್ನೂ ಏನೋ ಕೇಳುವವನಂತೆ ನಿಂತೇ ಇದ್ದ. ಅವಳ ಕೈ ಬ್ರೇಕನ್ನು ಒತ್ತುತ್ತಿತ್ತು, ಬಿಡುತ್ತಿತ್ತು.

"ಆಸ್ಪತ್ರೆಗೆ ನಡಿ ಮೊದಲು" ಎಂದು ಮುದುಕಿ ಅವನ ರಟ್ಟೆ ಹಿಡಿದು ತಳ್ಳಿದಳು. ಅವನು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವಳ ಕಡೆ ತಿರುಗಿದಳು. ಸಿಟ್ಟು ಇಳಿದಿರಲಿಲ್ಲ. "ಗುಡ್ಡದ ಮೇಲೆ ಆಡಿದ ಮಾತು ಗುಡ್ಡದ ಮೇಲೇ ಇರ್ಲಿ. ಅವನಿಗೆ ತಿಳಿಯೋದು ಬೇಡ."

"ಆಯ್ತು ಅತ್ತೆ."

"ಏನಾದ್ರೂ ತಿನ್ನು ಹೋಗು. ಮುಖ ನೋಡು, ಒಣಗಿದ ಮೀನು."

ಅಂಗಡಿಗೆ ಬಂದು ಜೋಡಿ ಸೈಕಲ್ಲನ್ನು ಸಾಲಿಗೆ ಸೇರಿಸಿದಳು. ಚಹಾದಂಗಡಿಯವನು ಕೇಳದೆಯೇ ತಂದಿಟ್ಟ ಬನ್ನನ್ನು ಅರ್ಧ ತಿಂದಳು. ಈಗ ಕೂರಬಹುದು ಎಂದು ಸ್ಟೂಲ್ ಎಳೆದುಕೊಂಡು ಕೂತಳು. ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಅಂಗೈಯಿಂದ ಒತ್ತಿ ಹಿಡಿದರೆ ಇನ್ನೊಂದು ಶುರುವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಎದ್ದು, ಬಾಗಿಲೆಳೆದು, ತನ್ನ ಸೈಕಲ್ ಹತ್ತಿ ಮರಗಳ ನಡುವೆ ಹೊರಟಳು. ಗಾಳಿ ತಣ್ಣಗಾಗಿತ್ತು. ಎರಡು ದಿನ ಲಂಗರು ಹಾಕಿ ನಿಂತಿದ್ದ ದೋಣಿಗಳು ಒಂದೊಂದಾಗಿ ಬಂದರಿನ ಬಾಯಿ ದಾಟುತ್ತಿದ್ದವು. ಅವುಗಳಲ್ಲೊಂದು ದಡಕ್ಕೆ ಹತ್ತಿರವಾಗಿ, ಅವಳು ಹೋಗುತ್ತಿದ್ದ ದಿಕ್ಕಿನಲ್ಲೇ ಸಾಗಿತು. ಕಾಂಡಗಳ ನಡುವೆ ಅದರ ದೀಪ ಹೊಳೆದು, ಮರೆಯಾಗಿ, ಮತ್ತೆ ಹೊಳೆಯುತ್ತಿತ್ತು. ಅವಳು ಜೋರಾಗಿ ತುಳಿದಳು. ದೋಣಿ ಹಿಂದಾಯಿತು, ಆಮೇಲೆ ಸಮನಾಯಿತು. ಅದರ ಅಂಚಿನಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಯಾರೋ ಒಬ್ಬ ತಲೆ ಎತ್ತಿ, ದಡದ ಮೇಲೆ ತಮ್ಮ ಜೊತೆಗೇ ಓಡುತ್ತಿದ್ದ ಸೈಕಲ್ಲಿನ ಕಡೆ ಕೈಯಾಡಿಸಿದ. ಅವಳು ಗಂಟೆ ಬಾರಿಸಿದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಅದು ಕೇಳಿಸುವಂತಿರಲಿಲ್ಲ. ಮುಂದೆ ದೋಣಿ ಆಳದ ಕಡೆ ಮೂತಿ ತಿರುಗಿಸಿತು, ದಾರಿ ಗುಡ್ಡದ ಕಡೆ ತಿರುಗಿತು.