ಮೊಣಕಾಲು ಅಂದವರು

ಪರೀಕ್ಷೆಯಲ್ಲಿ ಮೊದಲು ಬಂದವಳಿಗೆ ವಿಭಾಗ ಆರಿಸುವ ಹಕ್ಕೂ ಮೊದಲು. ಫಿಸಿಯೋಥೆರಪಿಯ ಮುಖ್ಯಸ್ಥರು ಅರ್ಜಿಯನ್ನು ಅವಳತ್ತ ತಳ್ಳಿ, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು.

"ಕ್ರೀಡಾ ವಿಭಾಗ ಅಂತ ಬರಿಯಮ್ಮ. ಆಟಗಾರರ ಜೊತೆ ಊರೂರು ಸುತ್ತುತೀಯ."

ಅವಳು ಬರೆದದ್ದು ಪಟ್ಟಿಯ ಕಟ್ಟಕಡೆಯದನ್ನು: ಹೆತ್ತು, ಭಾರ ಹೊತ್ತು ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲಾದ ಹೆಂಗಸರ ಚಿಕಿತ್ಸೆ. ನಾಲ್ಕು ವರ್ಷದಿಂದ ಅದನ್ನು ಯಾರೂ ಮೂಸಿ ನೋಡಿರಲಿಲ್ಲ.

"ತಲೆ ನೆಟ್ಟಗಿದೆಯಾ? ಅದಕ್ಕೆ ರೋಗಿಗಳೇ ಬರಲ್ಲ."

"ಬಂದಿದ್ದಾರೆ ಸಾರ್. ನಾವೇ ಮೊಣಕಾಲು ಅಂತ ಬರೆದು ಕಳಿಸಿದ್ದೀವಿ."

ಬಾಯಿಗೆ ಬಂದಂತೆ ಆಡಿದ ಮಾತಲ್ಲ ಅದು. ಅವಳ ಅಮ್ಮ ಇದೇ ಆಸ್ಪತ್ರೆಯ ಆಯಾ. ಇಪ್ಪತ್ತೆರಡು ವರ್ಷದಿಂದ ರೋಗಿಗಳನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವವಳು. ಮೊಣಕಾಲು ನೋವೆಂದು ಬಂದ ಅಮ್ಮನಿಗೆ ಮಗಳೇ ಮೂರು ವಾರ ಶಾಖ ಕೊಟ್ಟು, ಕಾಲು ಎತ್ತಿಸಿ ಇಳಿಸಿದ್ದಳು. ಆಮೇಲೊಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನಿಗೆ ಸೀನು ಬಂತು; ತಟ್ಟನೆ ಕಾಲು ಹೆಣೆದುಕೊಂಡು ಗೋಡೆ ಹಿಡಿದು ನಿಂತಳು. ಮಗಳು ಚಿಕ್ಕಂದಿನಿಂದ ನೋಡುತ್ತ ಬಂದ ಭಂಗಿ. ಸ್ನಾಯುಗಳ ಹೆಸರನ್ನೆಲ್ಲ ಉರುಹೊಡೆದವಳಿಗೆ ಅಂದು ಕಣ್ಣು ತೆರೆಯಿತು.

"ಮೊಣಕಾಲಿಗೆ ಏನಾಗಿದೆಯಮ್ಮ?"

"ಏನೂ ಆಗಿಲ್ಲ. ಅಷ್ಟು ಗಂಡಸರ ಮುಂದೆ ಏನು ತೊಂದರೆ ಅಂತ ಕೂಗಿ ಕೇಳ್ದ ಚೀಟಿ ಬರೆಯೋ ನಿಮ್ಮ ಗುಮಾಸ್ತ. ಮೊಣಕಾಲು ಅಂದೆ. ನಾವೆಲ್ಲ ಅದನ್ನೇ ಅನ್ನೋದು."

"ಮತ್ತೆ ಮೂರು ವಾರ ಯಾಕೆ ಬಂದೆ?"

"ಕೂರೋಕೆ ಕುರ್ಚಿ ಸಿಗ್ತಿತ್ತಲ್ಲೇ."

ಅಂದೇ ಅವಳು ಹಳೆಯ ಕಡತ ತೆಗೆಸಿದ್ದಳು. ಹದಿನಾಲ್ಕು ಜನ ಆಯಾಗಳು, ಕಸ ಗುಡಿಸುವವರು, ಎಲ್ಲರದೂ ಮೊಣಕಾಲು. ಒಂದು ಎಕ್ಸ್‌ರೇಯಲ್ಲೂ ಕೂದಲೆಳೆಯಷ್ಟು ದೋಷವಿಲ್ಲ.

ಮುಖ್ಯಸ್ಥರು ಅರ್ಜಿ ವಾಪಸು ತಳ್ಳಿದರು. "ಇನ್ನೊಂದ್ಸಲ ಯೋಚ್ನೆ ಮಾಡು. ಆ ವಿಭಾಗಕ್ಕೆ ಕೋಣೆಯೂ ಇಲ್ಲ, ಮುರಿದ ಊರುಗೋಲು ತುಂಬಿರೋ ಉಗ್ರಾಣ ಇದೆ."

"ಬೀಗದ ಕೈ ಕೊಡಿ ಸಾರ್. ಓಡೋರನ್ನ ನೋಡ್ಕೊಳ್ಳೋಕೆ ಬೇಕಾದಷ್ಟು ಜನ ಇದ್ದಾರೆ. ಭಾರ ಹೊರೋರನ್ನ ಯಾರು ನೋಡ್ತಾರೆ?"

"ಒಂದು ತಿಂಗಳು ಕೊಡ್ತೀನಿ. ಯಾರೂ ಬರದಿದ್ರೆ ಮುಚ್ಚಿಸ್ತೀನಿ. ಕ್ರೀಡಾ ವಿಭಾಗ ಆಮೇಲೆ ಕಾಲಿಗೆ ಬಿದ್ರೂ ಸಿಗಲ್ಲ."

"ಬೀಳೋದಿಲ್ಲ ಸಾರ್."

ಮನೆಯಲ್ಲಿ ಅಮ್ಮ ತಟ್ಟೆ ಕುಕ್ಕಿದಳು. "ಮಗಳು ಏನು ಡಾಕ್ಟರು ಅಂತ ನಾಲ್ಕು ಜನ ಕೇಳಿದ್ರೆ ಏನನ್ಲಿ?"

"ಮೊಣಕಾಲು ಅನ್ನು. ಅಭ್ಯಾಸ ಇದೆಯಲ್ಲ."

ಅಮ್ಮ ನಗು ಬಂದದ್ದು ಕಾಣಬಾರದೆಂದು ಒಲೆಯತ್ತ ತಿರುಗಿದಳು.

ಅವಳು ಊರುಗೋಲುಗಳನ್ನು ಹೊರಗೆ ಹಾಕಿ, ಬಾಗಿಲ ಮೇಲೆ ಕಾಯಿಲೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಳು. ಹೆಂಗಸರು ಓದಿ, ತಲೆ ತಗ್ಗಿಸಿ ಹೋದರು. ಇಪ್ಪತ್ತೊಂಬತ್ತು ದಿನ ಯಾರೂ ಒಳಗೆ ಕಾಲಿಡಲಿಲ್ಲ. ಮೂವತ್ತನೆಯ ದಿನ ಗುಮಾಸ್ತ ಬೀಗ ಹಿಡಿದೇ ಬಂದ. ಅಷ್ಟರಲ್ಲಿ ಅಮ್ಮ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಒಳಗೆ ಬಂದು ಕುರ್ಚಿ ಎಳೆದು ಕೂತಳು. ಹಿಂದೆಯೇ ಬಂದ ಆಯಾಗಳು ಬಾಗಿಲಾಚೆ ನಿಂತರು.

"ಏನು ತೊಂದರೆ?" ಗುಮಾಸ್ತ ಎಂದಿನಂತೆ ಕೂಗಿದ.

"ಮೊಣ..." ಅಮ್ಮ ತಡೆದಳು. ಮಗಳನ್ನೊಮ್ಮೆ ನೋಡಿದಳು. ಆಮೇಲೆ ವಾರ್ಡಿನ ಆ ತುದಿಯಿಂದ ಸ್ಟ್ರೆಚರ್ ಕರೆಯುವ ದನಿಯಲ್ಲೇ ಹೇಳಿದಳು:

"ಸೀನಿದ್ರೆ ಉಚ್ಚೆ ಹೋಗತ್ತೆ. ಇಪ್ಪತ್ತು ವರ್ಷದಿಂದ. ಕೇಳಿಸ್ತಾ, ಇನ್ನೊಂದ್ಸಲ ಹೇಳ್ಲಾ? ಬರ್ಕೊಳಪ್ಪ."

ಗುಮಾಸ್ತ ಬೀಗ ಕೆಳಗಿಟ್ಟು ಬರೆದುಕೊಂಡ. ಬಾಗಿಲಾಚೆಯಿಂದ ಇನ್ನೊಂದು ದನಿ ಬಂತು: "ನಂದೂ ಮೊಣಕಾಲಲ್ಲ."