ಹನ್ನೊಂದು ಗೋಲಿಗೆ ಒಬ್ಬನ ಆಣೆ

ಹೊಸನಗರದ ಮೈದಾನದಲ್ಲಿ ತೀರ್ಥಹಳ್ಳಿಯವರು ಸಾಗರದವರಿಗೆ ಹನ್ನೊಂದು ಗೋಲು ಹೊಡೆದರು. ಸಾಗರದವರು ಒಂದೂ ಹೊಡೆಯಲಿಲ್ಲ. ಎರಡು ಊರಿಗೂ ಇಪ್ಪತ್ತು ವರ್ಷದ ಜಿದ್ದು. ಒಬ್ಬರ ಮೈದಾನಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ, ಅದಕ್ಕೇ ವರ್ಷಕ್ಕೊಂದು ಫುಟ್‌ಬಾಲ್ ಪಂದ್ಯ ನಡುವಿನ ಹೊಸನಗರದಲ್ಲಿ. ಗೆದ್ದರೂ ಸೋತರೂ ಒಂದೆರಡು ಗೋಲಿನ ಅಂತರ. ಹನ್ನೊಂದನ್ನು ಯಾರೂ ಕಂಡಿರಲಿಲ್ಲ. ಸಂಜೆಯೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು.

ನಡೆದದ್ದು ಇಷ್ಟು. ಅರ್ಧ ಆಟಕ್ಕೇ ಐದು ಗೋಲಾಗಿತ್ತು. ಸಾಗರದ ಕ್ಯಾಪ್ಟನ್ ಕೃಷ್ಣಪ್ರಸಾದನಿಗೆ ರೇಗಿತು. "ಮಾನ ಉಳೀಬೇಕು ಅಂದ್ರೆ ಒಂದಾದ್ರೂ ಹೊಡೀಬೇಕು. ಎಲ್ಲ ಮುಂದೆ ಬನ್ನಿ" ಅಂದ. ಹಿಂದೆ ನಿಂತು ಕಾಯಬೇಕಾದ ನಾಲ್ವರೂ ಮುಂದೆ ಓಡಿದರು. ಉಳಿದವನು ಗೋಲ್‌ಕೀಪರ್ ನಿರಂಜನ ಒಬ್ಬನೇ. ಬಯಲಿಗೆ ಬಯಲೇ ಅವನ ಮುಂದೆ ಖಾಲಿ ಬಿದ್ದಿತ್ತು. ಆ ಖಾಲಿಯಲ್ಲಿ ತೀರ್ಥಹಳ್ಳಿಯವರು ಇನ್ನೂ ಆರು ಹೊಡೆದರು. ಆರನ್ನೂ ಹೊಡೆದವನು ಸುನಿಲ್. ಸುನಿಲ್ ನಿರಂಜನನ ಸೋದರಮಾವನ ಮಗ.

ಇಷ್ಟು ಸಾಕಾಯಿತು. "ಭಾವ ಬಂದ ಅಂತ ಬಾಗಿಲು ತೆಗೆದು ಕೊಟ್ಟ" ಅಂತ ಸಾಗರದ ಹೋಟೆಲುಗಳಲ್ಲಿ ಚಹಾದ ಜೊತೆ ಹೇಳಿ ನಕ್ಕರು. ಆಟ ಮುಗಿದ ಮೇಲೆ ಸುನಿಲ್ ಬಂದು ನಿರಂಜನನ ಹೆಗಲ ಮೇಲೆ ಕೈ ಹಾಕಿ, "ಅತ್ತೆ ಕಾಲುನೋವು ಹ್ಯಾಗಿದೆ?" ಅಂತ ಕೇಳಿದ್ದೂ ಪಿತೂರಿಯ ಲೆಕ್ಕಕ್ಕೆ ಬಿತ್ತು.

ನಿರಂಜನನದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ. ತೋಟದ ಹೆಸರಿನಿಂದ, ಮನೆತನದ ಹೆಸರಿನಿಂದ ಜನರನ್ನು ಗುರುತಿಸುವ ಊರಿನಲ್ಲಿ, ಅವನನ್ನು ಗುರುತಿಸುತ್ತಿದ್ದದ್ದು ಹನ್ನೆರಡು ವರ್ಷ ಗೋಲಿನಲ್ಲಿ ನಿಂತು ಎಗರಿದ್ದರಿಂದ. ಕಳೆದುಕೊಳ್ಳಲಿಕ್ಕೆ ಅವನಿಗಿದ್ದದ್ದು ಆ ಹೆಸರೊಂದೇ.

ಮರುದಿನ ಕ್ಲಬ್ಬಿನ ಸಭೆ. ಅಧ್ಯಕ್ಷರು ತಿಮ್ಮಣ್ಣ ಹೆಗಡೆಯವರು, ಕೃಷ್ಣಪ್ರಸಾದನ ಅಪ್ಪ. ದನಿ ಏರಿಸುವವರಲ್ಲ.

"ನಂಗೆ ನಿನ್ನ ಮೇಲೆ ಅನುಮಾನ ಇಲ್ಲ ನಿರಂಜನ. ಜನ ಮಾತಾಡ್ತಾರೆ. ಭಾನುವಾರ ಸಿಗಂದೂರಿಗೆ ಹೋಗೋಣ. ದೇವಿ ಎದುರು ಆಣೆ ಮಾಡಿಬಿಡು, ಬೇಕಂತ ಬಿಡ್ಲಿಲ್ಲ ಅಂತ. ಗೋಲಿನ ಜಾಗ ನಿಂದೇ."

"ಮಾಡ್ದೇ ಇದ್ರೆ?"

"ಮಾಡ್ದೇ ಇರೋದಕ್ಕೆ ಕಾರಣ ಬೇಕಲ್ಲ."

ಹೆಗಡೆಯವರ ತೋಟದ ಬೇಲಿಗೆ, ಸುತ್ತಲಿನ ಎಷ್ಟೋ ಬೇಲಿಗಳಿಗಿರುವ ಹಾಗೆ, ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡಿದೆ. ಗಡಿಯ ತಕರಾರು ಬಂದರೆ ಅವರು ಶಿವಮೊಗ್ಗದ ವಕೀಲರ ಹತ್ತಿರ ಹೋಗುತ್ತಾರೆ. ಅವರಿಗೆ ವಕೀಲ, ನಿರಂಜನನಂಥವರಿಗೆ ದೇವಿ. ಯಾರು ಕಳ್ಳರು ಅನ್ನುವುದು ಕಳವಿಗಿಂತ ಮೊದಲೇ ತೀರ್ಮಾನವಾಗಿರುತ್ತದೆ.

ಮನೆಯಲ್ಲಿ ಯಮುನಮ್ಮ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮಗ ಹೇಳಿದ್ದನ್ನೆಲ್ಲ ಕೇಳಿದಳು.

"ನಮ್ಮ ದೇವಿ ಅಲ್ವಾ ತಮ್ಮ, ಹೆದರಿಕೆ ಎಂತಕ್ಕೆ?"

"ಹೆದರಿಕೆ ಅಲ್ಲ ಅಮ್ಮ. ಪ್ರಸಾದಣ್ಣನ್ನ ಯಾರೂ ಕೇಳ್ಲಿಲ್ಲ."

ಅವಳು ಎಣ್ಣೆ ಬಟ್ಟಲು ಕೆಳಗಿಟ್ಟಳು. "ನಿನ್ನಜ್ಜನ್ನೂ ಹಿಂಗೇ ಕರ್ಕೊಂಡು ಹೋಗಿದ್ರು. ಯಾರದೋ ತೋಟದಲ್ಲಿ ಅಡಿಕೆ ಗೊನೆ ಕಳುವಾಗಿದೆ ಅಂತ."

"ಅಜ್ಜ ಎಂತ ಮಾಡ್ದ?"

"ಆಣೆ ಮಾಡಿ ಬಂದ. ಆಮೇಲೆ ಯಾರ ತೋಟದ ಗೊನೆ ಹೋದ್ರೂ ಅವನನ್ನೇ ಕರೀತಿದ್ರು. ಹ್ಯಾಗೂ ಬರ್ತಾನಲ್ಲ ಅಂತ."

ಭಾನುವಾರ ಟೆಂಪೋ ತುಂಬ ಆಟಗಾರರು. ಹಿನ್ನೀರಿನ ಹೊಸ ಸೇತುವೆ ದಾಟುವಾಗ ಒಬ್ಬ, "ಮೊದಲಿನ ಹಾಗೆ ಲಾಂಚ್ ಇದ್ದಿದ್ರೆ ನಿರಂಜನನ್ನ ಅರ್ಧ ನೀರಲ್ಲೇ ಇಳಿಸ್ಬಹುದಿತ್ತು ಮಾರಾಯ" ಅಂದ. ಕೆಲವರು ನಕ್ಕರು. ಮಹಾಗಣಪತಿ ನಗಲಿಲ್ಲ. ಮುಂದೆ ಓಡಿದ ನಾಲ್ವರಲ್ಲಿ ಅವನೊಬ್ಬ.

ದೇವಸ್ಥಾನದಲ್ಲಿ ಭಕ್ತರ ಸಾಲು ಉದ್ದಕ್ಕಿತ್ತು. ಹಣ್ಣುಕಾಯಿ ಮಾಡಿಸಿಕೊಂಡು ಹೊರಗೆ ಒಂದು ಬದಿಗೆ ಬಂದು ನಿಂತರು. ನಿರಂಜನ ಗರ್ಭಗುಡಿಯ ಕಡೆ ತಿರುಗಿ ಕೈ ಮುಗಿದ. ಎಲ್ಲರೂ ಅವನ ಬಾಯನ್ನೇ ನೋಡಿದರು.

"ಹೆಗಡೇರೆ, ಮೊದಲ ಐದು ನಂದು. ನಂಗೆ ತಡಿಯೋಕಾಗ್ಲಿಲ್ಲ. ಆಮೇಲಿನ ಆರು ಹೊಡೆಯುವಾಗ ನನ್ನ ಮುಂದೆ ಒಂದು ನರಪಿಳ್ಳೆ ಇರ್ಲಿಲ್ಲ. ಯಾಕೆ ಇರ್ಲಿಲ್ಲ ಅಂತ ಪ್ರಸಾದಣ್ಣ ದೇವಿ ಎದುರು ಹೇಳ್ಲಿ. ಆಮೇಲೆ ನಾನು ಆಣೆ ಮಾಡ್ತೀನಿ."

"ಅಂವ ಎಂತಕ್ಕೆ ಹೇಳವು?" ಮಗ ಯಾಕೆ ಹೇಳಬೇಕು ಅನ್ನುವುದು ಹೆಗಡೆಯವರ ಬಾಯಿಂದ, ಹೊರಗೆ ಆಡದ ಮನೆಯ ಭಾಷೆಯಲ್ಲಿ ಜಾರಿತು.

"ಸೋತಿದ್ದು ಹನ್ನೊಂದು ಜನ. ಆಣೆಗೆ ಮಾತ್ರ ನಾನೊಬ್ಬನಾ?"

ಕೃಷ್ಣಪ್ರಸಾದ ಕೆಟ್ಟವನಲ್ಲ. ಮುಖ ಕೆಂಪಾಗಿತ್ತು. ಒಂದು ಹೆಜ್ಜೆ ಮುಂದಿಟ್ಟ. ಅಪ್ಪ ಅವನ ಮೊಣಕೈ ಹಿಡಿದರು. "ಎಂತದೂ ಬ್ಯಾಡ. ನೀ ಸುಮ್ಮಂಗಿರು." ಬಿಗಿಯಾದ ಹಿಡಿತವೇನಲ್ಲ, ಕೊಡವಿದ್ದರೆ ಬಿಡುತ್ತಿತ್ತು. ಅವನು ಕೊಡವಲಿಲ್ಲ.

"ನಾನು ಓಡಿದ್ದು ನಿಜ" ಅಂದ ಮಹಾಗಣಪತಿ, ಯಾರನ್ನೂ ನೋಡದೆ.

ನಿರಂಜನ ಮುಗಿದ ಕೈ ಇಳಿಸಿದ. "ನಾನೂ ಮಾಡಲ್ಲ ಹೆಗಡೇರೆ. ದೇವಿಗೆ ಗೊತ್ತಿದೆ. ಗೊತ್ತಾಗಬೇಕಾಗಿದ್ದು ನಿಮಗೆ."

"ಹಾಗಾದ್ರೆ ಜಾಗ ಬಿಡಬೇಕಾಗ್ತದೆ."

"ಬಿಟ್ಟೆ."

ಟೆಂಪೋ ಸಾಗರ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಸಿಗಂದೂರಿನಲ್ಲಿ ನಿಂತು ಆಣೆಗೆ ಹಿಂಜರಿದ, ಇನ್ನೇನು ಸಾಕ್ಷಿ ಬೇಕು. ಹನ್ನೆರಡು ವರ್ಷ ಕಟ್ಟಿದ ಹೆಸರನ್ನು ಊರು ಒಂದೇ ಸಾಲಿನಲ್ಲಿ ಒರೆಸಿಹಾಕಿತು. ಗೋಲಿಗೆ ಹೊಸಬ ಬಂದ. ಕ್ಯಾಪ್ಟನ್ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಟಯರ್ ಉರುಳಿಸಿಕೊಂಡು ಅಂಗಡಿಗೆ ಬಂದ. ಕೆಲಸ ಶುರುವಾದ ಮೇಲೆ ಕೇಳಿದ. "ಆಣೆ ಮಾಡ್ಲಿಲ್ವಂತಲ್ಲ ನೀನು?"

"ಇಲ್ಲ."

"ಮತ್ತೆ ನಿಜ ಎಂತ?"

ನಿರಂಜನ ಸುತ್ತಿಗೆ ಕೆಳಗಿಟ್ಟು ಅವನ ಮುಖ ನೋಡಿದ. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ. ಪದ ಹೆಚ್ಚಿಲ್ಲ, ಕಡಿಮೆ ಇಲ್ಲ.

"ಐದು ನಂದು. ಆರು ಹೊಡೆಯುವಾಗ ನನ್ನ ಮುಂದೆ ಯಾರೂ ಇರ್ಲಿಲ್ಲ."

ಇಷ್ಟಾದ ಮೇಲೆ ದೇವರಾಣೆ ಅನ್ನುತ್ತಾನೇನೋ ಅಂತ ಕಂಡಕ್ಟರ್ ಕಾದ. ನಿರಂಜನ ಆಗಲೇ ಟಯರಿನ ಮೇಲೆ ಬಗ್ಗಿದ್ದ.