ಸೋಪಿನ ಡಬ್ಬಿಯ ಕಿತ್ತಳೆ

ನಮ್ಮ ಸ್ಟುಡಿಯೋದಲ್ಲಿ ಎರಡು ಕೋಣೆ. ಎರಡಕ್ಕೂ ಕಿಟಕಿಯಿದೆ, ಬೆಳಕಿಲ್ಲ. ಬಿಸಿಲು ಪರದೆಯ ಮೇಲೆ ಬಿದ್ದರೆ ಬಣ್ಣ ಬೇರೆಯಾಗಿ ಕಾಣುತ್ತದೆಂದು ನಾನೇ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದೆ. ಆಗ ಅದು ಮಹಾ ಜಾಣತನ ಅನ್ನಿಸಿತ್ತು. ಈಗ ಹೊರಗೆ ಮಳೆ ಬಂತೆಂದು ತಿಳಿಯಬೇಕಾದರೆ ಅತ್ತಿಗೆ ಒಣಹಾಕಿದ ಬಟ್ಟೆ ತೆಗೆಯಲು ಮಹಡಿ ಹತ್ತಿ ಓಡುವ ಸದ್ದು ಕೇಳಬೇಕು.

ಹೊರಕೋಣೆಯಲ್ಲಿ ಕೂತು ನಾನು ಚಿತ್ರ ಬರೆಯುತ್ತೇನೆ. ಒಳಕೋಣೆಯಲ್ಲಿ ಅಣ್ಣ ಆ ಚಿತ್ರವನ್ನು ಇನ್ನೊಂದು ಪ್ರೋಗ್ರಾಮಿನಲ್ಲಿ ತೆರೆದು, ಅಕ್ಷರ ಕೂರಿಸಿ, ಡಬ್ಬಿ ಮಡಿಸುವ ಗೆರೆ ಹಾಕಿ, ಪ್ರೆಸ್ಸಿಗೆ ಕಳಿಸುತ್ತಾನೆ. ನನ್ನ ಪ್ರೋಗ್ರಾಮಿನಲ್ಲಿದ್ದ ಕೆಂಪು ಅವನದರಲ್ಲೂ ಅದೇ ಕೆಂಪಾಗಿ ಉಳಿಯಬೇಕು. ಹೇಳುವುದಕ್ಕೆ ಇಷ್ಟೇ. ಮಾಡಲು ಹೋದರೆ ಜೀವ ಬಾಯಿಗೆ ಬರುತ್ತದೆ.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಅಣ್ಣನೂ ಅವರ ಜೊತೆ ಏಣಿ ಹತ್ತಿದವನೇ. ಒಬ್ಬರ ಕುಂಚವನ್ನು ಇನ್ನೊಬ್ಬರು ಮುಟ್ಟಬಾರದು ಅನ್ನುವುದು ಅಪ್ಪ ಹಾಕಿದ ಕಟ್ಟುಪಾಡು. ಕುಂಚ ಹೋಗಿ ಕಂಪ್ಯೂಟರ್ ಬಂತು, ಅಪ್ಪನೂ ಹೋದರು, ಕಟ್ಟುಪಾಡು ಮಾತ್ರ ಕದಲಲಿಲ್ಲ. ಅಣ್ಣನ ಕಂಪ್ಯೂಟರನ್ನು ನಾನು ಮುಟ್ಟಿದವಳಲ್ಲ. ಅವನ ಬೆನ್ನ ಹಿಂದೆ ನಿಂತು ಕೆಲಸ ನೋಡಿದವಳೂ ಅಲ್ಲ.

ಸೋಮವಾರದಿಂದ ನನಗೆ ಬೇರೆ ಊರಿನಲ್ಲಿ ಹೊಸ ಕೆಲಸ ಶುರುವಾಗುವುದಿತ್ತು. ಮಕ್ಕಳ ಪುಸ್ತಕ ಮಾಡುವ ಪ್ರಕಾಶನ. ಸಂದರ್ಶನಕ್ಕೆ ಹೋದಾಗ ನೋಡಿದ್ದೆ, ಅಲ್ಲಿ ಚಿತ್ರ ಬರೆಯುವವರ ಮೇಜುಗಳು ದೊಡ್ಡ ದೊಡ್ಡ ಕಿಟಕಿಗಳ ಪಕ್ಕದಲ್ಲಿದ್ದವು. ಕೆಲಸಕ್ಕಿಂತ ಹೆಚ್ಚಾಗಿ ಆ ಕಿಟಕಿಗೇ ಮನಸೋತೆ ಅಂದರೂ ಸುಳ್ಳಲ್ಲ. ಅಣ್ಣನಿಗೆ ಹೇಳಿದಾಗ ಅವನು ತಲೆ ಎತ್ತದೆ, “ಹೋಗು, ನಾನೇನು ಬೇಡ ಅಂದ್ನಾ? ಸೋಪಮ್ಮನ ಡಬ್ಬಿ ಒಂದು ಮುಗಿಸ್ಕೊಟ್ಟು ಹೋಗು,” ಅಂದ.

ಸೋಪಮ್ಮ ಅಂದರೆ ಸಾಬೂನು ಕಾರ್ಖಾನೆಯ ಒಡತಿ. ಎದುರಿಗೆ ಮೇಡಂ, ಮರೆಯಲ್ಲಿ ಸೋಪಮ್ಮ. ಹಳೆಯ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, “ಇದೇ ಕಿತ್ತಳೆ ಬೇಕು. ಕೂದಲೆಳೆಯಷ್ಟೂ ಆಚೀಚೆ ಆಗಬಾರದು,” ಅಂದಿದ್ದರು.

ನಾನು ಡಬ್ಬಿಯನ್ನು ಪರದೆಯ ಪಕ್ಕ ಹಿಡಿದು ಬಣ್ಣ ಕೂಡಿಸಿದೆ. ಅಣ್ಣನ ಕೈ ದಾಟಿ ಮಾದರಿ ಹಾಳೆ ಬಂದಾಗ ಅದು ಇಟ್ಟಿಗೆಯ ಬಣ್ಣವಾಗಿತ್ತು. ಅವನ ಪ್ರೋಗ್ರಾಮು ಬಣ್ಣವನ್ನು ಮಂಕು ಮಾಡುತ್ತದೆ ಅಂದುಕೊಂಡು ನನ್ನ ಕಡೆಯಿಂದಲೇ ಒಂದಿಷ್ಟು ಏರಿಸಿ ಕಳಿಸಿದೆ. ಈ ಸಲ ಕಣ್ಣಿಗೆ ಚುಚ್ಚುವ ಹಾಗೆ ಉರಿಯುತ್ತ ಬಂತು. ಇಳಿಸಿದೆ. ಬಾಡಿದ ಕುಂಬಳಕಾಯಿ ಬಂತು. ಸೋಪಮ್ಮ ಫೋನಿನಲ್ಲಿ, “ನಾನು ಸೋಪು ಮಾರ್ತೀನಮ್ಮಾ, ತರಕಾರಿ ಅಲ್ಲ,” ಅಂದರು. ಮೊದಲೂ ಹೀಗೆ ಆಚೀಚೆ ಆಗುತ್ತಿತ್ತು, ಎರಡು ಮೂರು ಸಲ ತಿದ್ದಿದರೆ ದಾರಿಗೆ ಬರುತ್ತಿತ್ತು. ಈ ಸಲ ಎಷ್ಟು ತಿದ್ದಿದರೂ ಬರಲೊಲ್ಲದು. ಶನಿವಾರ ಬಂದರೂ ಕಿತ್ತಳೆ ಬರಲಿಲ್ಲ.

ಅಷ್ಟರಲ್ಲಿ ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಬಣ್ಣ ಸರಿಹೋದರೆ ನಾನು ಹೊರಡುತ್ತೇನೆ. ಬಣ್ಣ ಸರಿಹೋಗುತ್ತಿಲ್ಲ. ಇದರಲ್ಲಿ ಯಾರಿಗೆ ಲಾಭ? ಒಮ್ಮೆ ಹೀಗೆ ಯೋಚಿಸಿದ ಮೇಲೆ ಅಣ್ಣ ಕೆಮ್ಮಿದರೂ ಅದರಲ್ಲೊಂದು ಸಂಚು ಕಾಣತೊಡಗಿತು. ಒಡಹುಟ್ಟಿದವನ ಮೇಲೆ ಹೀಗೆ ಅನುಮಾನ ಪಡಲು ನಾಚಿಕೆಯಾಗುತ್ತಿತ್ತು, ಆದರೂ ಅನುಮಾನ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಇನ್ನೊಮ್ಮೆ ಚಿತ್ರ ಕಳಿಸಿದೆ. ಈ ಸಲ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಒಳಕೋಣೆಗೆ ಹೋಗಿ ಅವನ ಬೆನ್ನ ಹಿಂದೆ ನಿಂತೆ.

ಅವನು ಚಿತ್ರ ತೆರೆದ. ಪರದೆಯ ನಡುವೆ ಒಂದು ಚೌಕ ಮೂಡಿತು. ಈ ಚಿತ್ರ ತನ್ನದೇ ಬಣ್ಣದ ಲೆಕ್ಕ ಹೊತ್ತು ತಂದಿದೆ. ಅದನ್ನು ಹಾಗೇ ಉಳಿಸಿಕೊಳ್ಳಲೋ, ಇಲ್ಲಿನ ಲೆಕ್ಕಕ್ಕೆ ಬದಲಿಸಲೋ, ಎಸೆದುಬಿಡಲೋ ಎಂದು ಕೇಳುವ ಚೌಕ. ಉಳಿಸಿಕೊಂಡರೆ ನಾನು ಬರೆದ ಕಿತ್ತಳೆ ಕಿತ್ತಳೆಯಾಗಿಯೇ ಇರುತ್ತದೆ. ಎಸೆದರೆ ಇಟ್ಟಿಗೆ. ಅಣ್ಣ ಅರೆಗಳಿಗೆಯೂ ತಡೆಯದೆ ಎಸೆದುಬಿಟ್ಟ.

ಮೈಯೆಲ್ಲ ಉರಿದುಹೋಯಿತು.

“ಬೇಕಂತಲೇ ಮಾಡ್ತಿದ್ದೀಯ,” ಅಂದೆ.

ಅವನು ಬೆಚ್ಚಿ ತಿರುಗಿದ. “ಏನೇ, ಕಳ್ಳರ ಹಾಗೆ ಬಂದು ನಿಂತಿದ್ದೀಯ?”

“ಕಳ್ಳತನ ನಿಂದು. ನಾನು ಹೋಗ್ಬಾರ್ದು ಅಂತ ಸಲ ಸಲಕ್ಕೂ ಬಣ್ಣ ಕೆಡಿಸ್ತಿದ್ದೀಯ. ಬೇಡ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?”

ಉತ್ತರಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಅವನ ಭುಜದ ಮೇಲಿಂದ ಬಾಗಿ ಅವನ ಮೌಸಿಗೆ ಕೈ ಹಾಕಿದೆ. ಅಪ್ಪನ ಕಟ್ಟುಪಾಡು ಆವತ್ತು ಮುರಿಯಿತು. ಕಡತ ಮುಚ್ಚಿ, ಏರಿಸಿ ಇಳಿಸಿ ಆಟವಾಡುವ ಮೊದಲು ಬರೆದಿದ್ದ ಚಿತ್ರವನ್ನು ಹುಡುಕಿ ತೆರೆದೆ. ಚೌಕ ಕೇಳಿದ್ದಕ್ಕೆ ಉಳಿಸಿಕೋ ಎಂದು ಒತ್ತಿ, ಮಾದರಿ ಹಾಳೆ ತೆಗೆದೆ. ಕಿತ್ತಳೆ ಬಂತು. ಸೋಪಮ್ಮನ ಡಬ್ಬಿಯ ಪಕ್ಕ ಇಟ್ಟರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲಾಗದಂಥ ಕಿತ್ತಳೆ.

ಅಣ್ಣ ಹಾಳೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ, “ನೀನೀಗ ಏನನ್ನ ಒತ್ತಿದೆ?” ಎಂದು ಕೇಳಿದ.

“ನಾಟಕ ಬೇಡ.”

“ನಾಟಕ ಅಲ್ಲ ಕಣೆ. ಆ ಚೌಕ ಏನ್ ಕೇಳುತ್ತೆ ಅಂತ ನಂಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗಿಲ್ಲ. ಬಂತಾ, ಯಾವುದೋ ಒಂದನ್ನ ಒತ್ತಿ ಕಳಿಸ್ತೀನಿ. ಒಂದೊಂದ್ಸಲ ಒಂದೊಂದು.”

ನನಗೆ ನಂಬಿಕೆ ಬರಲಿಲ್ಲ. “ಮತ್ತೆ ಇಷ್ಟು ವರ್ಷ ಹೇಗೆ ನಡೀತು?”

“ನೀನು ತಿದ್ತಾ ಇದ್ದೆಯಲ್ಲ,” ಅಂದ.

ಅವನ ಮುಖ ನೋಡಿದೆ. ಕಣ್ಣಳತೆಯಲ್ಲೇ ಎರಡು ಡಬ್ಬಿ ಬಣ್ಣ ಕಲಸಿ, ನಿನ್ನೆ ಅರ್ಧಕ್ಕೆ ಬಿಟ್ಟ ಗೋಡೆಗೆ ಇವತ್ತು ಗುರುತೇ ಸಿಗದಂತೆ ಸೇರಿಸುತ್ತಿದ್ದವನು ಇವನೇ. ಅಂಥವನು ಈ ಕತ್ತಲ ಕೋಣೆಯಲ್ಲಿ, ತಂಗಿಯನ್ನು ಕೇಳಲು ನಾಚಿಕೊಂಡು, ಬಂದ ಚೌಕಕ್ಕೆಲ್ಲ ಕಣ್ಣುಮುಚ್ಚಿ ಒತ್ತುತ್ತ ಕೂತಿದ್ದ. ಅವನನ್ನು ಯಾರೂ ಕಿಟಕಿ ಇರುವ ಕಚೇರಿಗೆ ಕರೆದಿರಲಿಲ್ಲ.

“ಬಾ, ಹೇಳ್ಕೊಡ್ತೀನಿ,” ಅಂದೆ. ಹೇಳಿಕೊಟ್ಟೆ. ಅವನು ತಲೆಯಾಡಿಸಿದ. ತೆರೆ ಅಂದೆ, ತೆರೆದ. ಬೇರೆ ಕೆಲಸದ ಚಿತ್ರ, ಆದ್ದರಿಂದ ಬೇರೆ ಚೌಕ. ಅವನ ಕಣ್ಣು ನನ್ನ ಕಡೆ ಹೊರಳಿತು. ಇದು ಒಂದು ಮಧ್ಯಾಹ್ನದ ಪಾಠವಲ್ಲ ಎಂದು ಇಬ್ಬರಿಗೂ ಅರ್ಥವಾಯಿತು.

ಆಗಲೇ ನನಗೆ ಫೋನು ಬಂತು. ಪ್ರಕಾಶನದವರು.

“ಸೋಮವಾರ ಬರ್ತಿದ್ದೀರಿ ತಾನೇ? ನಿಮ್ಮ ಮೇಜು ರೆಡಿ ಮಾಡಿಸ್ತಿದ್ದೀವಿ.”

ಪುಟ್ಟ ಕೋಣೆ, ಅಣ್ಣನಿಗೂ ಕೇಳಿಸಿತು. ಗಳಿಗೆಯ ಹಿಂದೆ ಈ ಫೋನು ಬಂದಿದ್ದರೆ ನಾನು ಅಲ್ಲಿಂದಲೇ ಹೊರಟುಬಿಡುತ್ತಿದ್ದೆ. ಮೋಸ ಮಾಡಿದವನನ್ನು ಬಿಟ್ಟು ಹೋಗುವುದು ಎಷ್ಟು ಸುಲಭ. ಈಗ ಕೈಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

“ಬರೋದು ಸ್ವಲ್ಪ ಕಷ್ಟ ಆಗ್ಬಹುದು ಮೇಡಂ,” ಅಂದೆ, ಅಣ್ಣನನ್ನೇ ನೋಡುತ್ತ.

ಅವನೊಂದು ಮಾತು ಆಡಲಿ ಎಂದು ಕಾದೆ. ಹೋಗೇ, ಹೇಗೋ ಮಾಡ್ಕೋತೀನಿ ಅಂದಿದ್ದರೆ ಸಾಕಿತ್ತು. ಅದು ಶುದ್ಧ ಸುಳ್ಳೆಂದು ಗೊತ್ತಿದ್ದರೂ ನಾನು ನಂಬುತ್ತಿದ್ದೆ, ನಂಬಿ ಸೋಮವಾರದ ಬಸ್ಸು ಹತ್ತುತ್ತಿದ್ದೆ. ಆ ಕಡೆಯಿಂದ, “ಹಲೋ, ಕೇಳಿಸಲಿಲ್ಲ,” ಅನ್ನುತ್ತಿದ್ದರು.

ಅಣ್ಣ ಎದ್ದ. ಹೊರಕೋಣೆಯಿಂದ ಸ್ಟೂಲು ತಂದು ಪಕ್ಕಕ್ಕೆ ಹಾಕಿಕೊಂಡು ಕೂತ. ಯಾರನ್ನೂ ಕೂರಲು ಬಿಡದ ತನ್ನ ಕುರ್ಚಿಯನ್ನು ಒರೆಸಿ ನನ್ನ ಕಡೆ ತಳ್ಳಿದ.

“ಬರೋಕಾಗಲ್ಲ ಮೇಡಂ,” ಎಂದು ಹೇಳಿ ಫೋನು ಇಟ್ಟೆ.

ಅವನು ನಿರಾಳವಾಗಿ ಉಸಿರುಬಿಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.